ಆರನೇ ನಂಬರ್ ಸೀಟು ಯಾರಿಗೆ? ಸೀನಿಯರ್ ಇಂಜಿನಿಯರ್ ಇಂಟರ್‌ವ್ಯೂ ತಯಾರಿ

ಕಳೆದ ತಿಂಗಳು ಒಂದು ಭಾನುವಾರ ಚಿಕ್ಕಮ್ಮನ ಮಗ ಮನೆಗೆ ಬಂದಿದ್ದ. ಒಂಬತ್ತು ವರ್ಷದ ಅನುಭವ ಇರುವ ಹುಡುಗ. ಹತ್ತು ದಿನದಲ್ಲಿ ಒಂದು ದೊಡ್ಡ ಕಂಪನಿಯಲ್ಲಿ ಸೀನಿಯರ್ ಸಾಫ್ಟ್‌ವೇರ್ ಇಂಜಿನಿಯರ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ತಿಂಡಿ ತಟ್ಟೆ ಕೆಳಗಿಡುವ ಮೊದಲೇ ಲೆಕ್ಕ ಒಪ್ಪಿಸಿದ.

"ಅಣ್ಣ, ಲೀಟ್‌ಕೋಡ್‌ನಲ್ಲಿ ಮುನ್ನೂರಿಪ್ಪತ್ತು ಕೋಡಿಂಗ್ ಪ್ರಶ್ನೆ ಆಯ್ತು. ಇನ್ನೊಂದು ಎಂಬತ್ತು ಮಾಡಿದ್ರೆ ಸಾಕಲ್ವಾ?"

"ಅದಿರಲಿ ಕಣೋ. ಬಸ್ ಸೀಟ್ ಬುಕಿಂಗ್‌ಗೆ ಒಂದು ಸಿಸ್ಟಮ್ ಡಿಸೈನ್ ಮಾಡು, ನೋಡೋಣ."

ನನ್ನ ಮಗಳ ಡ್ರಾಯಿಂಗ್ ಪುಸ್ತಕ ಎಳೆದುಕೊಂಡು ಕೂತ. ನಾಲ್ಕೇ ನಿಮಿಷ. ಬರುವ ಜನರನ್ನು ಹಂಚುವ ಲೋಡ್ ಬ್ಯಾಲೆನ್ಸರ್, ಆರು ಮೈಕ್ರೋಸರ್ವಿಸ್ (ಬೇರೆ ಬೇರೆ ಓಡುವ ಸಣ್ಣ ಪ್ರೋಗ್ರಾಂಗಳು), ಮಧ್ಯದಲ್ಲಿ ಸಂದೇಶಗಳನ್ನು ಸಾಲಾಗಿ ಇಡುವ ಕಾಫ್ಕಾ, ಪಕ್ಕದಲ್ಲಿ ಮೆಮೊರಿಯಲ್ಲೇ ಡೇಟಾ ಇಡುವ ರೆಡಿಸ್, ಕೆಳಗೆ ಮೂರು ತುಂಡಾದ ಡೇಟಾಬೇಸ್. ಚಿತ್ರವೇನೋ ಚೆನ್ನಾಗಿತ್ತು.

"ಒಂದೇ ಪ್ರಶ್ನೆ," ಅಂದೆ. "ನೀನೂ ನಾನೂ ಒಂದೇ ಹೊತ್ತಿಗೆ ಆರನೇ ನಂಬರ್ ಸೀಟು ಒತ್ತಿದ್ವಿ. ಸೀಟು ಯಾರಿಗೆ?"

ಅವನು ಕಾಫ್ಕಾ ಡಬ್ಬಿಯನ್ನೇ ನೋಡುತ್ತಾ ಕೂತ.

ಇದು ಅವನೊಬ್ಬನ ಕಥೆಯಲ್ಲ. ನಾನು ಇಂಟರ್‌ವ್ಯೂ ಮಾಡಿದವರಲ್ಲಿ ಜಾಸ್ತಿ ಜನ ಬಿದ್ದದ್ದು ಇದೇ ಜಾಗದಲ್ಲಿ. ಫ್ರೆಶರ್‌ಗೆ ಕೇಳುವ ಪ್ರಶ್ನೆ ಪೂರ್ತಿ ಇರುತ್ತದೆ: ಇನ್‌ಪುಟ್ ಇದು, ಔಟ್‌ಪುಟ್ ಇದು, ಬರಿ. ಸೀನಿಯರ್‌ಗೆ ಕೇಳುವ ಪ್ರಶ್ನೆಯನ್ನು ಬೇಕೆಂದೇ ಅರ್ಧ ಇಡುತ್ತಾರೆ. ಉಳಿದರ್ಧವನ್ನು ನೀವು ಕೇಳಿ ತುಂಬಿಸುತ್ತೀರಾ, ಇಲ್ಲ ಊಹೆಯ ಮೇಲೆ ಓಡುತ್ತೀರಾ ಅನ್ನುವುದೇ ಪರೀಕ್ಷೆ. ಕೆಲಸದಲ್ಲೂ ಹಾಗೇ ತಾನೇ? "ಬುಕಿಂಗ್ ನಿಧಾನ ಆಗ್ತಿದೆ, ನೋಡಿ" ಅಂತ ಒಂದು ಸಾಲು ಬರುತ್ತದೆ. ಮಿಕ್ಕಿದ್ದನ್ನು ನಾವೇ ಅಗೆದು ತೆಗೆಯಬೇಕು.

ಮೊದಲು ಹುದ್ದೆಯ ವಿಷಯ ಸ್ವಲ್ಪ. 'ಸೀನಿಯರ್' ಅನ್ನುವ ಹೆಸರಿಗೆ ಎಲ್ಲ ಕಡೆ ಒಂದೇ ತೂಕ ಇಲ್ಲ. ಸರ್ವಿಸ್ ಕಂಪನಿಗಳಲ್ಲಿ ಮೂರು ನಾಲ್ಕು ವರ್ಷಕ್ಕೇ ಆ ಹೆಸರು ಬಂದುಬಿಡುತ್ತದೆ. ಪ್ರಾಡಕ್ಟ್ ಕಂಪನಿಗಳಲ್ಲಿ ಅದೇ ಹೆಸರಿಗೆ ಬೇರೆ ಅಳತೆ. ಗೂಗಲ್‌ನಲ್ಲಿ ಎಲ್5, ಮೆಟಾದಲ್ಲಿ ಇ5, ಅಮೆಜಾನ್‌ನಲ್ಲಿ ಎಲ್6 ಅಂದರೆ ಎಸ್‌ಡಿಇ (ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಇಂಜಿನಿಯರ್) 3. ಯಾವ ಮೆಟ್ಟಿಲಿಗೆ ನಿಮ್ಮನ್ನು ನೋಡುತ್ತಿದ್ದಾರೆ ಅಂತ ರಿಕ್ರೂಟರ್ ಮೊದಲ ಫೋನಿನಲ್ಲೇ ಹೇಳುತ್ತಾರೆ. ಹೇಳದಿದ್ದರೆ ಕೇಳಿ, ಸಂಕೋಚ ಬೇಡ. ಆಮೇಲೆ ಸಾಮಾನ್ಯವಾಗಿ ನಾಲ್ಕೈದು ಸುತ್ತು: ಒಂದೆರಡು ಕೋಡಿಂಗ್, ಒಂದೆರಡು ಸಿಸ್ಟಮ್ ಡಿಸೈನ್, ಒಂದು ಮ್ಯಾನೇಜರ್ ಜೊತೆ ಮಾತು. ಒಂದೊಂದೂ 45 ನಿಮಿಷದಿಂದ ಒಂದು ಗಂಟೆ. ಫ್ರೆಶರ್ ಆಗಿದ್ದಾಗ ಕೋಡಿಂಗ್ ಸುತ್ತೇ ಎಲ್ಲಾ ಆಗಿತ್ತು. ಈಗ ಅದು ಗೇಟ್ ಪಾಸ್ ಮಾತ್ರ. ನಿಮ್ಮ ಮೆಟ್ಟಿಲು ಯಾವುದು ಅಂತ ತೀರ್ಮಾನ ಆಗುವುದು ಡಿಸೈನ್ ಮತ್ತು ಮಾತಿನ ಸುತ್ತಿನಲ್ಲಿ.

ಈಗ ಬಸ್ಸಿಗೆ ವಾಪಸ್ ಬರೋಣ.

ಡಬ್ಬಿ ಬರೆಯುವ ಮೊದಲು ಲೆಕ್ಕ. "ಎಷ್ಟು ಬಸ್ಸು?" ಅಂತ ಅವನು ಕೇಳಬೇಕಿತ್ತು. ಕೇಳಿದ್ದರೆ ನಾನು ಹೇಳುತ್ತಿದ್ದೆ: ದಿನಕ್ಕೆ 5,000 ಬಸ್ಸು, ಬಸ್ಸಿಗೆ 40 ಸೀಟು ಅಂತಿಟ್ಟುಕೋ. ಎಲ್ಲಾ ಭರ್ತಿ ಆದರೂ ದಿನಕ್ಕೆ 2 ಲಕ್ಷ ಟಿಕೆಟ್. ದಿನಕ್ಕೆ 86,400 ಸೆಕೆಂಡು. ಅಂದರೆ ಸೆಕೆಂಡಿಗೆ ಎರಡು ಚಿಲ್ಲರೆ ಬುಕಿಂಗ್. ಅಷ್ಟೇ! ದೀಪಾವಳಿಗೆ ಮುಂಗಡ ಬುಕಿಂಗ್ ತೆರೆದ ಗಳಿಗೆಯಲ್ಲಿ ಐವತ್ತು ಪಟ್ಟು ಜನ ನುಗ್ಗಿದರೂ ಸೆಕೆಂಡಿಗೆ 115ರ ಆಸುಪಾಸು. ಒಂದು ಟಿಕೆಟ್‌ನ ವಿವರ 1 ಕೆಬಿ ಅಂದುಕೊಂಡರೆ ದಿನಕ್ಕೆ 200 ಎಂಬಿ, ವರ್ಷಕ್ಕೆ 73 ಜಿಬಿ. ನಮ್ಮ ಫೋನಿನ ಫೋಟೋಗಳೇ ಅದಕ್ಕಿಂತ ಜಾಸ್ತಿ ಇರುತ್ತವೆ. ಇಷ್ಟಕ್ಕೆ ಡೇಟಾಬೇಸ್ ಮೂರು ತುಂಡು ಯಾಕೆ? ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದಕ್ಕೊಂದು ನಕಲು ಸಾಕು.

ಆದರೆ ಟಿಕೆಟ್ ತಗೊಳ್ಳುವ ಒಬ್ಬರ ಹಿಂದೆ ಸುಮ್ನೆ ನೋಡಿ ಹೋಗುವವರು ಬಹಳ. ಒಂದು ಬುಕಿಂಗ್‌ಗೆ ಐವತ್ತು ಸಲ ಹುಡುಕಾಟ ಅಂತಿಟ್ಟುಕೊಂಡರೆ ನುಗ್ಗಾಟದ ಹೊತ್ತಿನಲ್ಲಿ ಸೆಕೆಂಡಿಗೆ ಐದಾರು ಸಾವಿರ. ಹಾಗಾಗಿ ಓದುವ ಕಡೆ ಕ್ಯಾಶ್ (ಪದೇ ಪದೇ ಕೇಳುವುದರ ನಕಲನ್ನು ಕೈಗೆಟುಕುವಂತೆ ಇಡುವ ಜಾಗ) ಬೇಕು, ಬರೆಯುವ ಕಡೆ ಬೇಡ. ಈ ಒಂದು ವಾಕ್ಯ ಹೇಳುವುದಕ್ಕೆ ಎರಡು ನಿಮಿಷದ ಗುಣಾಕಾರ ಸಾಕು. ಮೇಲಾಗಿ ಹುಡುಕಾಟದಲ್ಲಿ ಅರ್ಧ ನಿಮಿಷ ಹಳೆಯ ಮಾಹಿತಿ ಕಂಡರೂ ಯಾರಿಗೂ ನಷ್ಟ ಇಲ್ಲ. ಬುಕಿಂಗ್‌ನಲ್ಲಿ ಮಾತ್ರ ಒಂದು ಕ್ಷಣವೂ ತಪ್ಪಬಾರದು. ಸಿಸ್ಟಮ್‌ನ ಯಾವ ಭಾಗ ಹಳಸಿದರೆ ನಡೆಯುತ್ತದೆ, ಯಾವುದು ನಡೆಯಲ್ಲ ಅಂತ ಬೇರೆ ಮಾಡಿ ಹೇಳಿದರೆ ಕ್ಯಾಪ್ ಥಿಯರಮ್ (ನೆಟ್‌ವರ್ಕ್ ಕಡಿದಾಗ ಸರಿಯಾದ ಉತ್ತರ, ಯಾವಾಗಲೂ ಉತ್ತರ ಎರಡೂ ಒಟ್ಟಿಗೆ ಸಿಗಲ್ಲ ಅನ್ನುವ ನಿಯಮ) ಬಾಯಿಪಾಠ ಒಪ್ಪಿಸಬೇಕಾಗಿಲ್ಲ.

ಸರಿ, ಆರನೇ ನಂಬರ್ ಸೀಟು. ಹೊಸಬರು ಬರೆಯುವ ಕೋಡ್ ಹೀಗಿರುತ್ತದೆ: ಸೀಟು ಖಾಲಿ ಇದೆಯಾ ನೋಡು, ಇದ್ದರೆ ನನ್ನ ಹೆಸರಿಗೆ ಬರಿ. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಕೆಲವು ಮಿಲಿಸೆಕೆಂಡ್ ಸಂದು ಇದೆ. ಆ ಸಂದಿನಲ್ಲಿ ಇನ್ನೊಬ್ಬರೂ ನೋಡಿರುತ್ತಾರೆ, ಅವರಿಗೂ ಖಾಲಿ ಅಂತಲೇ ಕಂಡಿರುತ್ತದೆ. ಒಂದೇ ಸೀಟಿಗೆ ಎರಡು ಟಿಕೆಟ್. ಮೆಜೆಸ್ಟಿಕ್‌ನಲ್ಲಿ ರಾತ್ರಿ ಹತ್ತೂವರೆಗೆ ಆ ಇಬ್ಬರ ಜಗಳ ಬಿಡಿಸುವುದು ಕಂಡಕ್ಟರ್ ಪಾಲಿಗೆ.

ಇದಕ್ಕೆ ಮದ್ದು ನೋಡುವುದನ್ನೂ ಬರೆಯುವುದನ್ನೂ ಒಂದೇ ಏಟಿಗೆ ಮಾಡುವುದು. "ಈ ಸೀಟು ಖಾಲಿ ಇದ್ದರೆ ಮಾತ್ರ ನನ್ನ ಹೆಸರಿಗೆ ಬದಲಾಯಿಸು" ಅಂತ ಒಂದೇ ಅಪ್‌ಡೇಟ್ ಆಜ್ಞೆ. ಒಂದು ಸಾಲು ಬದಲಾಯಿತು ಅಂತ ಡೇಟಾಬೇಸ್ ಹೇಳಿದರೆ ಸೀಟು ನಿಮ್ಮದು. ಸೊನ್ನೆ ಅಂದರೆ ಬೇರೆಯವರು ಹೊಡೆದುಕೊಂಡರು. ಸಾಲಿನ ಬೀಗವನ್ನು ಡೇಟಾಬೇಸೇ ನೋಡಿಕೊಳ್ಳುತ್ತದೆ.

ಆದರೆ ದುಡ್ಡು ಕಟ್ಟುವ ಮೊದಲೇ ಸೀಟು ಕೊಟ್ಟುಬಿಡಕ್ಕಾಗುತ್ತಾ? ಇಲ್ಲ. ದುಡ್ಡು ಬರುವವರೆಗೆ ಬೇರೆಯವರಿಗೆ ತೋರಿಸಕ್ಕೂ ಆಗಲ್ಲ. ಇದಕ್ಕೆ ನಮ್ಮ ಜನ ಯಾವತ್ತೋ ಉಪಾಯ ಕಂಡುಕೊಂಡಿದ್ದಾರೆ: ಕಿಟಕಿಯಿಂದ ಟವೆಲ್ ಹಾಕುವುದು. ಸಿಸ್ಟಮ್ ಹಾಕುವ ಟವೆಲ್‌ಗೆ ಒಂದು ಆಯಸ್ಸು ಇರುತ್ತದೆ, ಅಷ್ಟೇ ವ್ಯತ್ಯಾಸ. ಏಳು ನಿಮಿಷ ಅಂತಿಡಿ. "ಖಾಲಿ ಇದ್ದರೆ" ಅನ್ನುವ ಷರತ್ತಿಗೆ "ಅಥವಾ ಟವೆಲ್‌ನ ಗಡುವು ಮುಗಿದಿದ್ದರೆ" ಅಂತ ಸೇರಿಸಿದರೆ ಆಯಿತು. ಹಳೆಯ ಟವೆಲ್ ತೆಗೆಯುವುದಕ್ಕೆ ಪ್ರತ್ಯೇಕ ಆಳು ಬೇಕಾಗಿಲ್ಲ.

ಇಲ್ಲಿಗೆ ಬಂದಾಗ ಇಂಟರ್‌ವ್ಯೂ ಮಾಡುವವರು ಮೆಲ್ಲಗೆ ಒಂದು ಕಲ್ಲು ಎಸೆಯುತ್ತಾರೆ. ಯುಪಿಐನಲ್ಲಿ ದುಡ್ಡು ಕಟ್ಟಿದಿರಿ. ಪರದೆ ಸುತ್ತುತ್ತಲೇ ಇದೆ. ದುಡ್ಡು ಬಂತು ಅನ್ನುವ ಸುದ್ದಿ ಎಂಟನೇ ನಿಮಿಷಕ್ಕೆ ಬಂತು. ಅಷ್ಟರಲ್ಲಿ ಟವೆಲ್ ಹೋಗಿ ಸೀಟು ಬೇರೆಯವರ ಪಾಲಾಯಿತು. ಈಗೇನು?

ಇಲ್ಲಿ ಒಂದೇ ಸರಿಯಾದ ಉತ್ತರ ಇಲ್ಲ. ದುಡ್ಡು ಕಟ್ಟುವ ಗುಂಡಿ ಒತ್ತಿದ ಮೇಲೆ ಟವೆಲ್‌ನ ಗಡುವು ಉದ್ದ ಮಾಡಬಹುದು. ಆಗ ದುಡ್ಡು ಕಟ್ಟದೇ ಎದ್ದು ಹೋದವರಿಂದ ಸೀಟುಗಳು ಸುಮ್ಮನೆ ಸಿಕ್ಕಿಕೊಳ್ಳುತ್ತವೆ. ಅದೇ ಬಸ್ಸಿನಲ್ಲಿ ಬೇರೆ ಸೀಟು ಕೊಡಬಹುದು. ಕಿಟಕಿ ಪಕ್ಕ ಬೇಕು ಅಂದವರು ಒಪ್ಪುತ್ತಾರಾ? ದುಡ್ಡು ವಾಪಸ್ ಮಾಡಬಹುದು. ಹಬ್ಬದ ಹೊತ್ತಲ್ಲಿ ಊರಿಗೆ ಹೋಗಬೇಕಾದವರಿಗೆ ಬೇಕಿರುವುದು ದುಡ್ಡಲ್ಲ, ಬಸ್ಸು. ಮೂರನ್ನೂ ಮುಂದಿಟ್ಟು, ಒಂದನ್ನು ಆರಿಸಿ, ಯಾಕೆ ಅಂತ ಹೇಳುವವರು ಸೀನಿಯರ್. ಅದು ಪ್ರಾಡಕ್ಟ್‌ನವರು ತೀರ್ಮಾನ ಮಾಡಬೇಕಾದ ವಿಷಯ, ನಾನು ಅವರನ್ನು ಕೇಳುತ್ತೇನೆ ಅಂದರೂ ತಪ್ಪಲ್ಲ. ಕೇಳುವ ಮೊದಲು ನಿಮ್ಮ ಒಲವು ಎತ್ತ ಅಂತ ಹೇಳಿಬಿಡಿ.

ಅದರ ಹಿಂದೆಯೇ ಇನ್ನೊಂದು ಬರುತ್ತದೆ: ದುಡ್ಡು ಬಂತು ಅನ್ನುವ ಸುದ್ದಿ ಎರಡು ಸಲ ಬಂದರೆ? ಪೇಮೆಂಟ್ ಗೇಟ್‌ವೇಗಳು ಉತ್ತರ ಸಿಗದಿದ್ದರೆ ಮತ್ತೆ ಕಳಿಸುತ್ತವೆ, ಅದು ಅವುಗಳ ಧರ್ಮ. ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಡುತ್ತಿದ್ದದ್ದು ನೆನಪಿದೆಯಲ್ಲ? ದುಡ್ಡು ಕೊಟ್ಟ ಮೇಲೆ ಅದರ ಮೇಲೆ ಗೀಟು ಹೊಡೆಯುತ್ತಿದ್ದರು. ಅದೇ ಟಿಕೆಟ್ ಇನ್ನೊಮ್ಮೆ ತೋರಿಸಿದರೆ ಸಿಗಲ್ಲ. ಇಂಜಿನಿಯರ್‌ಗಳು ಐಡೆಂಪೊಟೆನ್ಸಿ ಅಂತ ಬಾಯಿ ತುಂಬಾ ಕರೆಯುವುದು ಇದನ್ನೇ. ಪ್ರತಿ ಪಾವತಿಗೂ ಒಂದು ನಂಬರ್. ಆ ನಂಬರ್ ಮೊದಲೇ ದಾಖಲಾಗಿದ್ದರೆ ಎರಡನೇ ಸಲ ಕೆಲಸ ಮಾಡಬೇಡ, ಹಳೆಯ ಉತ್ತರವನ್ನೇ ಕೊಡು.

ನನಗೆ ಇಷ್ಟವಾದ ಭಾಗ ಇನ್ನೂ ಮುಂದಿದೆ. ಬಸ್ಸು ಬೆಂಗಳೂರಿನಿಂದ ಹಾಸನ, ಸಕಲೇಶಪುರ ಮೇಲೆ ಮಂಗಳೂರಿಗೆ. ನೀವು ಹಾಸನದಲ್ಲಿ ಇಳಿಯುತ್ತೀರಿ. ಅಲ್ಲಿಂದ ಮುಂದೆ ಆರನೇ ಸೀಟು ಖಾಲಿ. ಅದನ್ನು ಇನ್ನೊಬ್ಬರಿಗೆ ಮಾರಬೇಕಲ್ವಾ? ಈಗ 'ಸೀಟು ಖಾಲಿ ಇದೆಯಾ' ಅನ್ನುವ ಪ್ರಶ್ನೆಯೇ ಬದಲಾಯಿತು. ಎಲ್ಲಿಂದ ಎಲ್ಲಿಗೆ ಖಾಲಿ? ಒಂದು ದಾರಿ ಹೀಗಿದೆ. ಪ್ರಯಾಣವನ್ನು ಮೂರು ತುಂಡು ಮಾಡಿ, ಒಂದೊಂದು ಸೀಟಿಗೂ ಮೂರು ಸಾಲು ಇಡಿ. ಹಾಸನಕ್ಕೆ ಹೋಗುವವರು ಒಂದು ಸಾಲು ಹಿಡಿಯುತ್ತಾರೆ. ಮಂಗಳೂರಿಗೆ ಹೋಗುವವರು ಮೂರನ್ನೂ ಒಟ್ಟಿಗೆ ಹಿಡಿಯಬೇಕು, ಒಂದು ಸಿಗದಿದ್ದರೂ ಮೂರನ್ನೂ ಬಿಡಬೇಕು. ಅದಕ್ಕೇ ಟ್ರಾನ್ಸಾಕ್ಷನ್ ಬೇಕಾಗುವುದು.

ನಾಲ್ಕು ಜನರ ಒಂದು ಕುಟುಂಬ 11, 12, 13, 14 ಅಂತ ಹಿಡಿಯುತ್ತಾ ಹೊರಟಿತು. ಇನ್ನೊಂದು ಕುಟುಂಬ 14ರಿಂದ ಹಿಂದಕ್ಕೆ ಬಂತು. ಮಧ್ಯದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ನಿಂತರು. ಡೆಡ್‌ಲಾಕ್. ಪರಿಹಾರ ಬಹಳ ಸಣ್ಣದು: ಯಾರೇ ಆಗಲಿ, ಸಣ್ಣ ನಂಬರಿನಿಂದ ದೊಡ್ಡ ನಂಬರಿಗೆ ಮಾತ್ರ ಬೀಗ ಹಾಕಬೇಕು. ಈ ಮಾತನ್ನು ಇಂಟರ್‌ವ್ಯೂ ಮಾಡುವವರು ಕೇಳುವ ಮೊದಲೇ ನೀವು ಹೇಳಿದರೆ ಅವರ ಕೈ ಕೀಬೋರ್ಡ್ ಮೇಲೆ ಓಡುವುದು ಕೇಳಿಸುತ್ತದೆ. ಅದು ಒಳ್ಳೆಯ ಶಕುನ.

ಇಷ್ಟು ಹೊತ್ತು ಕಾಫ್ಕಾ ಬಂತಾ? ಬೇಕಾದರೆ ಎಸ್‌ಎಂಎಸ್ ಕಳಿಸುವ ಕಡೆ ಒಂದು ಸಣ್ಣ ಕ್ಯೂ ಇಡಿ. ಕಾಫ್ಕಾ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮದುವೆ ಊಟದ ಉಪ್ಪಿನಕಾಯಿ ಥರ ಎಲ್ಲ ಎಲೆಗೂ ಬಡಿಸುವುದರ ಮೇಲೆ ಮಾತ್ರ ಸಿಟ್ಟು.

ಹಾಗಾಗಿ ಡಿಸೈನ್ ಸುತ್ತಿಗೆ ತಯಾರಿ ಅಂದರೆ ಇಪ್ಪತ್ತು ಸಿಸ್ಟಮ್‌ಗಳ ವಿಡಿಯೋ ನೋಡುವುದಲ್ಲ. ಐದಾರನ್ನು ಹೀಗೆ ತಳ ಕಾಣುವವರೆಗೆ ಅಗೆಯಿರಿ. ಜೊತೆಗೆ ಕೆಲವು ಸಂಖ್ಯೆಗಳು ನಾಲಿಗೆ ತುದಿಯಲ್ಲಿರಲಿ. ಮೆಮೊರಿಯಿಂದ ಓದುವುದಕ್ಕೆ ಸುಮಾರು 100 ನ್ಯಾನೋಸೆಕೆಂಡ್. ಒಂದೇ ಡೇಟಾ ಸೆಂಟರ್ ಒಳಗೆ ಹೋಗಿ ಬರುವುದಕ್ಕೆ ಅರ್ಧ ಮಿಲಿಸೆಕೆಂಡ್. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿ ಸುಮಾರು 14,000 ಕಿ.ಮೀ., ಫೈಬರ್‌ನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗಿ ಬರುವುದಕ್ಕೆ 140 ಮಿಲಿಸೆಕೆಂಡ್ ಬೇಕೇ ಬೇಕು, ಕೋಡ್ ಎಷ್ಟೇ ಚೆನ್ನಾಗಿ ಬರೆದರೂ ಅದಕ್ಕಿಂತ ಕಡಿಮೆ ಆಗಲ್ಲ. ಇನ್ನು 99.9% ಲಭ್ಯತೆ ಅಂದರೆ ತಿಂಗಳಿಗೆ 43 ನಿಮಿಷ ಸಿಸ್ಟಮ್ ಮಲಗಬಹುದು. 99.99% ಅಂದರೆ ನಾಲ್ಕು ಚಿಲ್ಲರೆ ನಿಮಿಷ. ರಾತ್ರಿ ಅಲರ್ಟ್ ಬಂದು, ಕಣ್ಣುಜ್ಜಿ, ಲ್ಯಾಪ್‌ಟಾಪ್ ತೆರೆದು ವಿಪಿಎನ್ ಹಾಕುವಷ್ಟರಲ್ಲೇ ಅದು ಮುಗಿದಿರುತ್ತದೆ. ಅಂದರೆ ಆ ಇನ್ನೊಂದು 9 ಬೇಕು ಅಂದವರಿಗೆ ಮನುಷ್ಯರು ಸರಿ ಮಾಡುವ ಸಿಸ್ಟಮ್ ಸಾಲದು, ತಾನೇ ಸರಿ ಮಾಡಿಕೊಳ್ಳುವ ಸಿಸ್ಟಮ್ ಬೇಕು.

ಕೋಡಿಂಗ್ ಸುತ್ತಿನ ಬಗ್ಗೆ ಜಾಸ್ತಿ ಹೇಳಲ್ಲ, ಅದಕ್ಕೆ ಸಾಮಗ್ರಿ ಬೇಕಾದಷ್ಟಿದೆ. ಒಂದು ಮಾತು: ಸೀನಿಯರ್‌ಗೆ ಪ್ರಶ್ನೆ ಕಷ್ಟ ಇರುವುದಿಲ್ಲ, ಅದರ ಬಾಲ ಉದ್ದ ಇರುತ್ತದೆ. ಎಲ್‌ಆರ್‌ಯು ಕ್ಯಾಶ್ (ಜಾಗ ತುಂಬಿದಾಗ ಬಹಳ ಹೊತ್ತಿನಿಂದ ಬಳಸದ್ದನ್ನು ಹೊರಹಾಕುವ ಕ್ಯಾಶ್) ಬರೆಯಿರಿ ಅನ್ನುತ್ತಾರೆ. ಹ್ಯಾಶ್ ಮ್ಯಾಪ್, ಎರಡೂ ಕಡೆ ಕೊಂಡಿ ಇರುವ ಲಿಂಕ್ಡ್ ಲಿಸ್ಟ್, ಹದಿನೈದು ನಿಮಿಷದಲ್ಲಿ ಮುಗಿಯಿತು. ಆಮೇಲೆ: ಎರಡು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಒಟ್ಟಿಗೆ ಓಡುವ ಕೆಲಸಗಳು) ಒಟ್ಟಿಗೆ ಬಂದರೆ? ಓದುವುದೂ ಕೊಂಡಿ ಬದಲಾಯಿಸುತ್ತದಲ್ಲ, ಹಾಗಾದರೆ ಓದುವುದಕ್ಕೂ ಬೀಗ ಬೇಕಾ? ಇದಕ್ಕೆ ಟೆಸ್ಟ್ ಹೇಗೆ ಬರೆಯುತ್ತೀರಿ? ಸುಲಭದ ಕೋಡ್ ಅಂತ ಅಸಡ್ಡೆ ಬೇಡ. ಜಾವಾದ ಜೊತೆಗೇ ಬರುವ, ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚ್‌ನಲ್ಲಿ ಸುಮಾರು ಒಂಬತ್ತು ವರ್ಷ ಒಂದು ದೋಷ ಅಡಗಿ ಕೂತಿತ್ತು. ಅದನ್ನು ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಎಲ್ಲರ ಮುಂದಿಟ್ಟರು. ಕೆಳಗಿನ ತುದಿ, ಮೇಲಿನ ತುದಿ ಕೂಡಿಸಿ ಎರಡರಿಂದ ಭಾಗಿಸುವಾಗ, ಅರೇ ತುಂಬಾ ದೊಡ್ಡದಿದ್ದರೆ ಕೂಡಿದ ಮೊತ್ತವೇ ಪೂರ್ಣಾಂಕ ಇಡುವ ಇಂಟ್‌ನ ಮಿತಿ ದಾಟಿ ಋಣ ಸಂಖ್ಯೆ ಆಗುತ್ತಿತ್ತು. ಅಂಥವರಿಗೇ ಹಾಗಾಗಿತ್ತು ಅಂದಮೇಲೆ ನಮ್ಮದೇನು.

ಇನ್ನು ಮಾತಿನ ಸುತ್ತು. ಕನ್ನಡದವರು ಇಲ್ಲಿ ಸೋಲುವುದಕ್ಕೆ ಒಂದು ಕಾರಣವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ: ನಮ್ಮ 'ನಾವು'. "ನಾವು ಮಾಡಿದ್ವಿ, ನಾವು ಸರಿ ಮಾಡಿದ್ವಿ." ನಮಗೆ ಅದು ಮರ್ಯಾದೆಯ ಮಾತು. ನಾನು ನಾನು ಅಂದರೆ ಜಂಬ ಅಂತ ಚಿಕ್ಕಂದಿನಿಂದ ಕಲಿತಿದ್ದೇವೆ. ಕೇಳುವವರಿಗೆ ಮಾತ್ರ ಆ 'ನಾವು' ಒಳಗೆ ನೀವು ಎಲ್ಲಿದ್ದಿರಿ ಅಂತ ಗೊತ್ತಾಗಲ್ಲ. ತಂಡ ಮಾಡಿದ್ದನ್ನು ತಂಡದ್ದು ಅನ್ನಿ, ನೀವು ಮಾಡಿದ್ದನ್ನು ನಾನು ಅನ್ನಿ. ಎರಡೂ ನಿಜ ತಾನೇ.

ತಪ್ಪಿನ ಕಥೆ ಒಂದಾದರೂ ಕೇಳುತ್ತಾರೆ. "ನಾನು ಜಾಸ್ತಿ ಕೆಲಸ ಮಾಡ್ತೀನಿ, ಅದೇ ನನ್ನ ತಪ್ಪು" ಅನ್ನುವ ನಾಟಕ ಬೇಡ. ನನ್ನದನ್ನೇ ಹೇಳುತ್ತೇನೆ. ಹಳೆಯ ಕಂಪನಿಯೊಂದರಲ್ಲಿ ಒಂದು ಮಧ್ಯಾಹ್ನ, ನಾಲ್ಕು ಕೋಟಿ ಸಾಲಿನ ಟೇಬಲ್‌ಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿದೆ. ಪೋಸ್ಟ್‌ಗ್ರೆಸ್‌ನಲ್ಲಿ 'ಕನ್‌ಕರೆಂಟ್ಲಿ' ಅನ್ನುವ ಒಂದು ಪದ ಸೇರಿಸದಿದ್ದರೆ, ಇಂಡೆಕ್ಸ್ ಮುಗಿಯುವವರೆಗೆ ಆ ಟೇಬಲ್‌ಗೆ ಯಾರೂ ಬರೆಯುವ ಹಾಗಿಲ್ಲ. ನಾನು ಆ ಪದ ಬಿಟ್ಟಿದ್ದೆ. ಹನ್ನೊಂದು ನಿಮಿಷ ಒಂದೂ ಆರ್ಡರ್ ಒಳಗೆ ಬರಲಿಲ್ಲ.

ಮೊದಮೊದಲು ಈ ಕಥೆಯನ್ನು "ಒಂದು ಸಲ ಸ್ವಲ್ಪ ತೊಂದರೆ ಆಯ್ತು, ತಂಡದವರೆಲ್ಲ ಸೇರಿ ಸರಿ ಮಾಡಿದ್ವಿ" ಅಂತ ಹೇಳುತ್ತಿದ್ದೆ. ಕೇಳಿದವರು ತಲೆ ಆಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳತೊಡಗಿದೆ. ಯಾವ ಪದ ಬಿಟ್ಟೆ, ಎರಡನೇ ನಿಮಿಷಕ್ಕೆ ಅನುಮಾನ ಬಂದರೂ "ಈಗ ಮುಗಿಯುತ್ತೆ" ಅಂತ ಯಾಕೆ ನಿಲ್ಲಿಸದೆ ಕಾದೆ, ಮರುದಿನ ಏನು ಮಾಡಿದೆ. ಮರುದಿನ ಮಾಡಿದ್ದು ಇಷ್ಟು: ಆ ಪದ ಇಲ್ಲದ ಇಂಡೆಕ್ಸ್ ಮೈಗ್ರೇಷನ್ (ಡೇಟಾಬೇಸ್ ಬದಲಾಯಿಸುವ ಕೋಡ್) ಬಂದರೆ ಬಿಲ್ಡ್ ಅಲ್ಲೇ ನಿಲ್ಲುವ ಹಾಗೆ ಒಂದು ಸಣ್ಣ ಸ್ಕ್ರಿಪ್ಟ್. ಈಗ ಅದೇ ಕಥೆಯ ಮೇಲೆ ಇಪ್ಪತ್ತು ನಿಮಿಷ ಮಾತು ನಡೆಯುತ್ತದೆ.

ಇಂಥ ಆರೇಳು ಕಥೆ ಒಂದು ಹಾಳೆಯಲ್ಲಿ ಬರೆದಿಡಿ. ಮ್ಯಾನೇಜರ್ ಜೊತೆ ಒಪ್ಪದೇ ಹೋದದ್ದು, ಕಿರಿಯರೊಬ್ಬರನ್ನು ಬೆಳೆಸಿದ್ದು, ಅರ್ಧಕ್ಕೆ ಕೈಬಿಟ್ಟ ಪ್ರಾಜೆಕ್ಟು. ಅಮೆಜಾನ್‌ನಲ್ಲಿ 16 ಲೀಡರ್‌ಶಿಪ್ ತತ್ವಗಳಿವೆ, ಅವನ್ನು ಹಿಡಿದೇ ಪ್ರಶ್ನೆ ಕೇಳುತ್ತಾರೆ. ತತ್ವ ಬಾಯಿಪಾಠ ಮಾಡಬೇಡಿ, ನಿಮ್ಮ ಯಾವ ಕಥೆ ಯಾವುದಕ್ಕೆ ಹೊಂದುತ್ತದೆ ಅಂತ ನೋಡಿಟ್ಟುಕೊಳ್ಳಿ. ಹಳೆಯ ಡಿಸೈನ್ ಡಾಕ್ಯುಮೆಂಟ್, ಇನ್ಸಿಡೆಂಟ್ ವರದಿ ಎಲ್ಲ ಕೆಲಸದಲ್ಲಿರುವಾಗಲೇ ಒಮ್ಮೆ ಓದಿ ಸಂಖ್ಯೆಗಳನ್ನು ತಲೆಗೆ ಹಾಕಿಕೊಳ್ಳಿ. ಫೈಲ್ ಮನೆಗೆ ತರಬೇಡಿ, ಕೆಲಸಕ್ಕೇ ಕುತ್ತು.

ಭಾಷೆಯ ಅಳುಕು ಇರುವವರಿಗೆ ಒಂದು ಉಪಾಯ. ಇಂಟರ್‌ವ್ಯೂ ಇಂಗ್ಲಿಷ್‌ನಲ್ಲೇ ನಡೆಯುತ್ತದೆ, ಅದು ತಪ್ಪಿದ್ದಲ್ಲ. ಆದರೆ ನಿಮ್ಮ ಪ್ರಾಜೆಕ್ಟನ್ನು ಮೊದಲು ಕನ್ನಡದಲ್ಲಿ ಮನೆಯವರಿಗೆ ಹೇಳಿ ನೋಡಿ. ನಾನು ನಮ್ಮಮ್ಮನಿಗೆ ಹೇಳುತ್ತಿದ್ದೆ. "ಅಷ್ಟೊಂದು ಕಂಪ್ಯೂಟರ್ ಯಾಕೆ ಬೇಕಿತ್ತು?" ಅಂತ ಅಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ವಿಷಯ ನೆಟ್ಟಗಾದ ಮೇಲೆ ಇಂಗ್ಲಿಷ್ ಅಷ್ಟು ಕಾಡಲ್ಲ. ನಿಧಾನಕ್ಕೆ, ಚಿಕ್ಕ ಚಿಕ್ಕ ವಾಕ್ಯದಲ್ಲಿ ಮಾತಾಡಿ. ಕೆಲಸ ಮಾಡಿಕೊಂಡೇ ತಯಾರಿ ಮಾಡುವವರಿಗೆ ಬೆಳಿಗ್ಗೆ ಒಂದೂವರೆ ಗಂಟೆಯಂತೆ ಆರು ವಾರ ಸಾಕಾಗುತ್ತದೆ. ಅದರಲ್ಲಿ ವಾರಕ್ಕೊಂದು ದಿನ ಯಾರ ಮುಂದಾದರೂ ಬಾಯಿಬಿಟ್ಟು ಹೇಳುವುದು ಇರಲೇಬೇಕು. ಮನಸ್ಸಲ್ಲಿ ಸಲೀಸಾಗಿ ಬಂದದ್ದು ಬಾಯಲ್ಲಿ ಬರುವುದಿಲ್ಲ.

ಸಂಬಳದ ಮಾತು ಎರಡೇ ಸಾಲು. ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಸಂಖ್ಯೆ ನೋಡಿ ಹಿಗ್ಗಬೇಡಿ. ಅದರಲ್ಲಿ ಕೈಗೆ ಬರುವ ಸಂಬಳ ಎಷ್ಟು, ಕೆಲಸ ನೋಡಿ ಕೊಡುವ ವೇರಿಯಬಲ್ ಎಷ್ಟು, ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಷ್ಟು, ಷೇರು ಯಾವ ವರ್ಷ ಎಷ್ಟು ಕೈ ಸೇರುತ್ತದೆ ಅಂತ ಬಿಡಿಸಿ ಕೇಳಿ. ನಮ್ಮಲ್ಲಿ 90 ದಿನದ ನೋಟಿಸ್ ಪೀರಿಯಡ್ ಇರುವವರು ಬಹಳ, ಹಾಗಾಗಿ ಯಾವಾಗ ಸೇರುತ್ತೀರಿ, ನೋಟಿಸ್ ಪೂರ್ತಿ ಮಾಡದೆ ಬಂದರೆ ಆ ದುಡ್ಡು ಯಾರು ಕಟ್ಟುತ್ತಾರೆ ಅನ್ನುವುದನ್ನು ಆಫರ್ ಲೆಟರ್‌ಗೆ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಕೊನೆಗೆ ಐದು ನಿಮಿಷ "ನಿಮಗೇನಾದ್ರೂ ಕೇಳೋದಿದೆಯಾ?" ಅನ್ನುತ್ತಾರೆ. "ಇಲ್ಲ, ಥ್ಯಾಂಕ್ಸ್" ಅನ್ನಬೇಡಿ. ಅಲ್ಲಿ ಎರಡು ಮೂರು ವರ್ಷ ಕಳೆಯಬೇಕಾದವರು ನೀವು. ಆನ್‌ಕಾಲ್ (ಹೊತ್ತಲ್ಲದ ಹೊತ್ತಲ್ಲೂ ಅಲರ್ಟ್ ನೋಡಿಕೊಳ್ಳುವ ಸರದಿ) ಎಷ್ಟು ವಾರಕ್ಕೊಮ್ಮೆ ಬರುತ್ತದೆ? ಡಿಸೈನ್ ಮೇಲೆ ಭಿನ್ನಾಭಿಪ್ರಾಯ ಬಂದರೆ ಕೊನೆ ಮಾತು ಯಾರದ್ದು? ಕಳೆದ ಸಲ ಸಿಸ್ಟಮ್ ಬಿದ್ದಾಗ ಏನಾಗಿತ್ತು? ಈ ಮೂರನೆಯದನ್ನು ಕೇಳು ಅಂತ ತಮ್ಮನಿಗೆ ಬಲವಂತ ಮಾಡಿ ಹೇಳಿ ಕಳಿಸಿದ್ದೆ.

ಇಂಟರ್‌ವ್ಯೂ ಮುಗಿದ ಸಂಜೆ ಫೋನ್ ಮಾಡಿದ. ಡಿಸೈನ್‌ನಲ್ಲಿ ಬಸ್ಸು ಬರಲಿಲ್ಲವಂತೆ, ಹೋಟೆಲ್ ರೂಮ್ ಕೊಟ್ಟರಂತೆ. "ಎಷ್ಟು ರೂಮು ಅಂತ ಮೊದಲು ಕೇಳ್ದೆ ಅಣ್ಣ." ರಿಸಲ್ಟ್ ಮುಂದಿನ ವಾರ. ಆಮೇಲೆ ನಗುತ್ತಾ ಹೇಳಿದ: "ನೀನು ಹೇಳಿದ್ ಪ್ರಶ್ನೆ ಕೇಳ್ದೆ. ಅವರದ್ದೂ ಅದೇ ಕಥೆಯಂತೆ. ಹಾಡಹಗಲೇ ಇಂಡೆಕ್ಸ್ ಹಾಕಿದ್ರಂತೆ."